ಅಡ್ವಾನ್ಸ್ ನಮ್ಮ ದುಡ್ಡಲ್ಲ

ಬೆಂಗಳೂರಿನಲ್ಲಿ ಫ್ಲ್ಯಾಟ್ ಇದೆ, ಬಾಡಿಗೆಗೆ ಕೊಟ್ಟಿದ್ದೇನೆ ಎಂದರೆ ಊರಿನ ಕಡೆಯವರು ಕೇಳುವುದು ‘ಎಷ್ಟು ಬರುತ್ತೆ?’ ಅಂತ. ‘ಎಷ್ಟು ಉಳಿಯುತ್ತೆ?’ ಎಂದು ಇದುವರೆಗೆ ಯಾರೂ ಕೇಳಿಲ್ಲ. ಸರ್ಕಾರಿ ಕಾಲೇಜಿನ ಕೆಲಸದಲ್ಲಿ ಹಾಸನಕ್ಕೆ ವರ್ಗವಾದಾಗ, ಉತ್ತರಹಳ್ಳಿಯ ನಮ್ಮ ಎರಡು ಬೆಡ್‌ರೂಮಿನ ಮನೆಯನ್ನು ಬಾಡಿಗೆಗೆ ಬಿಟ್ಟೆವು. ನಾನು ಬಾಡಿಗೆ ಮನೆಗಳಲ್ಲೇ ಬೆಳೆದವಳು. ಓನರ್ ಎಂದರೆ ತಿಂಗಳಿಗೊಮ್ಮೆ ಕೈಚಾಚುವವರು ಎಂದಷ್ಟೇ ನನಗೆ ಗೊತ್ತಿತ್ತು. ನಾನೇ ಓನರ್ ಆದ ಮೇಲೆ ತಿಳಿದದ್ದನ್ನು, ಹೊಸದಾಗಿ ಮನೆ ಬಾಡಿಗೆಗೆ ಕೊಡುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು ಕಾಲದ್ದು. ಬೆಂಗಳೂರಿನಲ್ಲಿ ಮನೆ ಬದಲಾವಣೆಗೂ ಪಂಚಾಂಗ ಬೇಕು. ಮಕ್ಕಳ ಶಾಲೆ ಮುಗಿಯುವ ಏಪ್ರಿಲ್, ಮೇ ತಿಂಗಳಲ್ಲಿ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಆಷಾಢ ಬಂತೋ, ಮನೆ ಮೆಚ್ಚಿದವರೂ ‘ಶ್ರಾವಣದಲ್ಲಿ ಹಾಲುಕ್ಕಿಸ್ತೀವಿ ಮೇಡಂ’ ಎಂದು ಹೊರಟುಬಿಡುತ್ತಾರೆ. ಧನುರ್ಮಾಸದಲ್ಲೂ ಇದೇ ಕಥೆ. ಒಂದು ತಿಂಗಳು ಮನೆ ಖಾಲಿ ಬಿದ್ದರೆ ವರ್ಷದ ಬಾಡಿಗೆಯಲ್ಲಿ ಹನ್ನೆರಡನೆಯ ಒಂದು ಪಾಲು ಹೋಯಿತು. ಸಾವಿರ ರೂಪಾಯಿ ಹೆಚ್ಚಿಗೆ ಬರಲಿ ಎಂದು ಎರಡು ತಿಂಗಳು ಕಾಯುವ ಓನರ್‌ಗೆ, ಆ ಸಾವಿರವನ್ನು ವರ್ಷವಿಡೀ ಪಡೆದರೂ ಒಂದು ತಿಂಗಳ ಬಾಡಿಗೆಯೂ ಹುಟ್ಟುವುದಿಲ್ಲ. ಹಾಗಾಗಿ ಅಗ್ರಿಮೆಂಟ್ ಮುಗಿಯುವ ತಿಂಗಳು ಆಷಾಢಕ್ಕೆ ಬೀಳದಂತೆ ಈಗ ಮೊದಲೇ ಲೆಕ್ಕ ಹಾಕುತ್ತೇನೆ.

ಎರಡನೆಯದು, ಬಾಡಿಗೆದಾರರನ್ನು ಹುಡುಕುವುದು. ಬ್ರೋಕರ್ ಒಂದು ತಿಂಗಳ ಬಾಡಿಗೆ ಕೇಳುತ್ತಾರೆಂದು ಆ್ಯಪ್‌ನಲ್ಲಿ ಜಾಹೀರಾತು ಹಾಕಿದೆ. ಅಂದೇ ಹಿಂದಿಯಲ್ಲಿ ಒಂದು ಕರೆ ಬಂತು. ತಾನು ಸೇನೆಯಲ್ಲಿದ್ದೇನೆ, ಬೆಂಗಳೂರಿಗೆ ವರ್ಗವಾಗಿದೆ, ಮನೆ ನೋಡುವ ಅಗತ್ಯವೂ ಇಲ್ಲ, ಅಡ್ವಾನ್ಸ್ ಈಗಲೇ ಹಾಕುತ್ತೇನೆ ಎಂಬ ಉದಾರಿ. ಗುರುತಿನ ಚೀಟಿಯ ಫೋಟೊವೂ ಬಂತು, ಹಿಂದೆಯೇ ಒಂದು ಕ್ಯೂಆರ್ ಕೋಡ್. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನಮ್ಮ ಖಾತೆಗೆ ಬರುತ್ತದಂತೆ! ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡ. ಪಿನ್ ಒತ್ತಿದರೆ ಹಣ ಹೋಗುವುದು ನಮ್ಮ ಖಾತೆಯಿಂದಲೇ. ಮನೆ ನೋಡದೆ ಅಡ್ವಾನ್ಸ್ ಕೊಡಲು ಆತುರಪಡುವವರು ಬಾಡಿಗೆದಾರರಲ್ಲ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಯಾರಿಗೆ ಕೊಡುವುದು ಎಂಬ ಪ್ರಶ್ನೆಗೆ ನಮ್ಮ ಊರು ಬಹಳ ಹಿಂದೆಯೇ ಕೆಟ್ಟ ಉತ್ತರಗಳನ್ನು ಸಿದ್ಧಮಾಡಿ ಇಟ್ಟಿದೆ. ‘ಫ್ಯಾಮಿಲಿ ಮಾತ್ರ’, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಟು-ಲೆಟ್ ಬೋರ್ಡುಗಳ ಎದುರು ನನ್ನ ಅಪ್ಪ ಅಮ್ಮ ನಿಂತಿದ್ದನ್ನು ನೋಡಿದವಳು ನಾನು. ಇಬ್ಬರು ನರ್ಸ್‌ಗಳಿಗೆ ಮನೆ ಕೊಡಲು ಹೊರಟಾಗ ಅಸೋಸಿಯೇಷನ್‌ನವರು, ಬ್ಯಾಚುಲರ್ಸ್‌ಗೆ ಕೊಡುವಂತಿಲ್ಲ ಎಂದರು. ಬೈಲಾದಲ್ಲಿ ಎಲ್ಲಿದೆ ತೋರಿಸಿ ಎಂದೆ. ಇರಲಿಲ್ಲ. ಆ ಇಬ್ಬರು ಇದ್ದಷ್ಟು ದಿನ ಬಾಡಿಗೆ ಪ್ರತಿ ತಿಂಗಳು ಒಂದನೇ ತಾರೀಕಿಗೆ ಬಂತು. ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ: ಎಲ್ಲಿ ಕೆಲಸ, ಎಷ್ಟು ಜನ ಇರುತ್ತೀರಿ, ಈಗಿನ ಮನೆ ಯಾಕೆ ಬಿಡುತ್ತಿದ್ದೀರಿ, ಹಳೆಯ ಓನರ್ ನಂಬರ್ ಕೊಡುತ್ತೀರಾ. ಕೊನೆಯ ಪ್ರಶ್ನೆಗೆ ಅವರು ತಡವರಿಸುತ್ತಾರೋ ಇಲ್ಲವೋ ಎಂಬುದರಲ್ಲಿ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಗುರುತಿನ ದಾಖಲೆ ಪಡೆದು ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡುವುದನ್ನು ಮಾತ್ರ ಯಾರ ವಿಷಯದಲ್ಲೂ ಬಿಡಬಾರದು.

ಇನ್ನು ಅಗ್ರಿಮೆಂಟ್. ಎಲ್ಲರೂ ಹನ್ನೊಂದು ತಿಂಗಳಿಗೇ ಯಾಕೆ ಮಾಡುತ್ತಾರೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದನ್ನು ತಪ್ಪಿಸುವ ದಾರಿ ಈ ಹನ್ನೊಂದು. ಇನ್ನೊಂದು ಸಂಗತಿ ಬಹಳ ಓನರ್‌ಗಳಿಗೆ ಗೊತ್ತಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಆ ಬಾಡಿಗೆಗೆ ಇಂದು ಅಲ್ಲಿ ಯಾವ ಫ್ಲ್ಯಾಟ್ ಸಿಕ್ಕೀತು? ಹಾಗಾಗಿ ನಮ್ಮ ನಿಮ್ಮ ಮನೆಗಳಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಾವೇ ಬರೆದುಕೊಂಡ ಕರಾರು. ಕರಾರಿನಲ್ಲಿ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಲು ಅಥವಾ ಬಿಡಿಸಲು ಆ ಕಾಯ್ದೆಯಂತೆ ಹದಿನೈದು ದಿನದ ನೋಟಿಸ್ ಸಾಕು. ಹದಿನೈದು ದಿನದಲ್ಲಿ ಅವರಿಗೆ ಮನೆ ಸಿಗುವುದಿಲ್ಲ, ನಮಗೆ ಬಾಡಿಗೆದಾರರು ಸಿಗುವುದಿಲ್ಲ. ಎರಡು ತಿಂಗಳ ನೋಟಿಸ್ ಎಂದು ಸ್ಪಷ್ಟವಾಗಿ ಬರೆಸುವುದು ಇಬ್ಬರಿಗೂ ಒಳ್ಳೆಯದು.

‘ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದೇ ಆಗುತ್ತೆ’ ಎಂದು ಹೆದರಿಸುವವರೂ ಸಿಗುತ್ತಾರೆ. ನಮ್ಮ ಒಪ್ಪಿಗೆಯಿಂದ, ಬಾಡಿಗೆ ಕೊಟ್ಟುಕೊಂಡು ಇರುವವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. ಹಾಗೆಂದು ಬಾಡಿಗೆ ಕೊಡದವರ ಮೇಲೆ ದರ್ಪ ತೋರಿಸುವ ಹಕ್ಕು ಓನರ್‌ಗೂ ಇಲ್ಲ. ನಮ್ಮ ಪಕ್ಕದ ಬ್ಲಾಕಿನ ಓನರ್ ಒಬ್ಬರು ಕೋಪದಲ್ಲಿ ಮೀಟರಿನ ಫ್ಯೂಸ್ ಕಿತ್ತರು. ಅದುವರೆಗೆ ಬಾಡಿಗೆ ಬಾಕಿಯಾಗಿದ್ದ ವಿಷಯ ಅಂದಿನಿಂದ ಪೊಲೀಸ್ ದೂರಾಯಿತು. ಕರೆಂಟು ನೀರು ನಿಲ್ಲಿಸುವುದು, ಬೀಗ ಬದಲಿಸುವುದು, ಸಾಮಾನು ಹೊರಗಿಡುವುದು ಎಲ್ಲವೂ ಓನರನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತವೆ. ಬಿಡಿಸುವ ದಾರಿ ನೋಟಿಸ್ ಮತ್ತು ನ್ಯಾಯಾಲಯ ಮಾತ್ರ.

ರಿಪೇರಿಯ ವಿಷಯಕ್ಕೆ ಬಂದರೆ, ದೂರದಲ್ಲಿರುವ ಓನರ್‌ಗೆ ದೇವರಿಗಿಂತ ಒಬ್ಬ ನಂಬಿಕಸ್ಥ ಪ್ಲಂಬರ್ ಮುಖ್ಯ. ಬೋರ್‌ವೆಲ್‌ನ ಗಡಸು ನೀರಿಗೆ ಗೀಸರ್ ಕಾಯಿಲ್, ನಲ್ಲಿ, ಫ್ಲಶ್ ಯಾವುದೂ ಬಹಳ ಬಾಳುವುದಿಲ್ಲ. ನಮ್ಮ ಬಾತ್‌ರೂಮಿನ ನೀರು ಕೆಳಗಿನ ಮನೆಯ ಸೀಲಿಂಗಿಗೆ ಇಳಿದಾಗ ಮೂರು ಪಕ್ಷಗಳಾದವು. ಕೆಳಗಿನವರು ‘ನಿಮ್ಮ ಮನೆಯಿಂದ’ ಎಂದರು, ಅಸೋಸಿಯೇಷನ್ ‘ನಿಮ್ಮಿಬ್ಬರ ನಡುವಿನದು’ ಎಂದಿತು, ಬಾಡಿಗೆದಾರರು ‘ಟೈಲ್ಸ್ ಕಿತ್ತರೆ ನಾವು ಸ್ನಾನ ಎಲ್ಲಿ ಮಾಡೋದು?’ ಎಂದರು. ಮೂವರ ಮಾತೂ ನಿಜವೇ. ಕಾಮನ್ ಪೈಪಿನ ಖರ್ಚು ಅಸೋಸಿಯೇಷನ್‌ದು, ಮನೆಯೊಳಗಿನದು ನನ್ನದು ಎಂದು ತೀರ್ಮಾನವಾಗುವ ಹೊತ್ತಿಗೆ ಕೆಳಗಿನ ಮನೆಯ ಬಣ್ಣವೂ ನನ್ನ ಲೆಕ್ಕಕ್ಕೆ ಸೇರಿತ್ತು. ಅಂದಿನಿಂದ ಅಗ್ರಿಮೆಂಟಿನಲ್ಲಿ ಗೆರೆ ಎಳೆದಿದ್ದೇವೆ: ಗೋಡೆಯೊಳಗಿನ ಪೈಪು, ವೈರು, ಸೋರಿಕೆ ಓನರ್‌ದು, ಬಲ್ಬು, ವಾಷರ್, ಕಟ್ಟಿಕೊಂಡ ಸಿಂಕು ಬಾಡಿಗೆದಾರರದು.

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರವೆಲ್ಲ ಟ್ಯಾಂಕರ್ ನೀರಿಗೆ ಪರದಾಡಿದಾಗ ಮೇಂಟೆನೆನ್ಸ್ ಏರಿತು. ಏರಿದ ಮೊತ್ತ ಯಾರು ಕೊಡಬೇಕು? ನಾವು ಅರ್ಧರ್ಧ ಹಂಚಿಕೊಂಡೆವು. ‘ಮೇಂಟೆನೆನ್ಸ್ ಬಾಡಿಗೆದಾರರದು’ ಎಂಬ ಒಂದು ಸಾಲು ಸಾಲದು; ಏರಿದರೆ ಯಾರದು ಎಂಬುದೂ ಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಕರೆಂಟ್ ಬಿಲ್ಲಿನದೂ ಒಂದು ಕೆಲಸ ಸೇರಿದೆ. ಮೀಟರ್ ಓನರ್ ಹೆಸರಿನಲ್ಲಿದ್ದರೂ ವಾಸವಿರುವ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿ ಯೋಜನೆಯ ಲಾಭ ಪಡೆಯಬಹುದು. ಮನೆ ಬಿಡುವಾಗ ಆ ಜೋಡಣೆ ತೆಗೆಸದೆ ಹೋದರೆ ಹೊಸಬರಿಗೆ ತೊಂದರೆ, ಹೊಸ ಮನೆಯಲ್ಲಿ ಅವರಿಗೂ ತೊಂದರೆ.

ತೆರಿಗೆಯನ್ನು ಚುಟುಕಾಗಿ ಹೇಳುತ್ತೇನೆ. ಬಾಡಿಗೆ ಬಂದದ್ದನ್ನು ಮುಚ್ಚಿಡುವ ಕಾಲ ಮುಗಿದಿದೆ. ವರ್ಷಕ್ಕೆ ಒಂದು ಲಕ್ಷ ಮೀರಿದರೆ ಎಚ್‌ಆರ್‌ಎ ವಿನಾಯಿತಿ ಪಡೆಯುವ ಬಾಡಿಗೆದಾರರು ನಮ್ಮ ಪ್ಯಾನ್ ಕೇಳಿಯೇ ಕೇಳುತ್ತಾರೆ. ಬಂದ ಬಾಡಿಗೆಯಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟು ರಿಪೇರಿ ಮುಂತಾದವಕ್ಕೆಂದು ಬಿಡುತ್ತಾರೆ. ಅದಕ್ಕಿಂತ ಹೆಚ್ಚು ಖರ್ಚಾದರೂ ಬಿಲ್ ತೋರಿಸಿ ಪಡೆಯುವಂತಿಲ್ಲ. ಓನರ್ ಅನಿವಾಸಿ ಭಾರತೀಯರಾಗಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ತೆರಿಗೆ ಮುರಿದು ಕಟ್ಟುವ ಹೊಣೆ ಬಾಡಿಗೆದಾರರ ತಲೆಗೆ ಬರುತ್ತದೆ. ವಿದೇಶದಲ್ಲಿರುವ ಕನ್ನಡಿಗ ಓನರ್‌ಗಳು ಇದನ್ನು ಮೊದಲೇ ಹೇಳಿಬಿಡಬೇಕು.

ಈಗ ಎಲ್ಲ ಜಗಳಗಳ ಬೇರಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಹಳೆಯ ರೂಢಿ. ಈಗ ಹಲವೆಡೆ ಐದಾರು ತಿಂಗಳಿಗೆ ಇಳಿದಿದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಮಿತಿ ಹೇಳುತ್ತದೆ. ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯಗಳು ಅಳವಡಿಸಿಕೊಂಡರಷ್ಟೇ ಜಾರಿ. ತಿಂಗಳ ಲೆಕ್ಕ ಎಷ್ಟೇ ಇರಲಿ, ತೊಂದರೆ ಶುರುವಾಗುವುದು ಓನರ್ ಆ ಹಣವನ್ನು ಖರ್ಚುಮಾಡಿದ ದಿನ. ಸಾಲದ ಕಂತಿಗೋ ಮಗಳ ಫೀಸಿಗೋ ಅಡ್ವಾನ್ಸ್ ಹೋಗಿರುತ್ತದೆ. ಬಾಡಿಗೆದಾರರು ಬಿಡುವಾಗ ಓನರ್, ಹೊಸಬರ ಅಡ್ವಾನ್ಸ್ ಬಂದ ಮೇಲೆ ಕೊಡುತ್ತೇನೆ ಎನ್ನುತ್ತಾರೆ. ಬಿಡುವವರು ಮುಂದಿನ ಮನೆಗೆ ಅಡ್ವಾನ್ಸ್ ಈಗಲೇ ಕಟ್ಟಬೇಕು. ಆದ್ದರಿಂದ ಅವರು ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸುತ್ತಾರೆ. ಪೇಂಟಿಂಗ್ ಹೆಸರಿನಲ್ಲಿ ಓನರ್ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, ಗೋಡೆಯ ಪ್ರತಿ ಮೊಳೆಗೂ ಲೆಕ್ಕ ಶುರುವಾಗುತ್ತದೆ. ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರರು ಹೊಣೆಯಲ್ಲ ಎಂದು 1882ರ ಕಾಯ್ದೆಯೇ ಹೇಳುತ್ತದೆ. ಐದು ವರ್ಷ ಇದ್ದವರ ಗೋಡೆ ಮಾಸಿದರೆ ಅದು ಸವೆತ. ಬಾಗಿಲು ಮುರಿದಿದ್ದರೆ ಅದು ಹಾನಿ.

ನಾನು ಮಾಡುವುದಿಷ್ಟೇ. ಅಡ್ವಾನ್ಸ್ ಬಂದ ದಿನವೇ ಬೇರೆ ಎಫ್‌ಡಿಗೆ ಹೋಗುತ್ತದೆ. ಕೀಲಿ ಕೊಡುವಾಗ ಪ್ರತಿ ಕೋಣೆಯ ವಿಡಿಯೊ ಮಾಡಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳುತ್ತೇವೆ. ಎಷ್ಟು ವರ್ಷ ಇದ್ದರೆ ಪೇಂಟಿಂಗ್ ಯಾರದು ಎಂದು ಅಗ್ರಿಮೆಂಟಿನಲ್ಲೇ ಇರುತ್ತದೆ. ಮನೆ ಖಾಲಿ ಮಾಡಿದ ದಿನ ಮೀಟರ್ ರೀಡಿಂಗ್ ನೋಡಿ, ಬಾಕಿ ಕಳೆದು, ಉಳಿದ ಹಣವನ್ನು ಅವರ ಎದುರೇ ವರ್ಗಾಯಿಸುತ್ತೇನೆ. ಇದು ಔದಾರ್ಯವಲ್ಲ, ಅವರ ಹಣ ಅವರಿಗೆ. ಇದರಿಂದ ನನಗೂ ಲಾಭವಿದೆ: ಹಣ ಆ ದಿನವೇ ಸಿಗುತ್ತದೆಂದು ಗೊತ್ತಿರುವವರು ಕೊನೆಯ ತಿಂಗಳ ಬಾಡಿಗೆ ನಿಲ್ಲಿಸುವುದಿಲ್ಲ, ಹೊಸಬರನ್ನೂ ತಾವೇ ಕರೆತರುತ್ತಾರೆ.

ಎಷ್ಟು ಉಳಿಯುತ್ತೆ ಎಂಬುದಕ್ಕೆ ನನ್ನ ಉತ್ತರ: ಖಾಲಿ ಬಿದ್ದ ತಿಂಗಳು, ರಿಪೇರಿ, ತೆರಿಗೆ ಎಲ್ಲ ಕಳೆದರೆ ಗೃಹಸಾಲದ ಕಂತಿನ ಒಂದು ಪಾಲಷ್ಟೇ. ಕೂತು ತಿನ್ನುವ ಆದಾಯ ಎಂದುಕೊಂಡು ಎರಡನೇ ಫ್ಲ್ಯಾಟಿಗೆ ಸಾಲ ಮಾಡಲು ಹೊರಟವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಲಿ. ಈಗಾಗಲೇ ಕೊಟ್ಟಿರುವವರು, ಬಾಡಿಗೆದಾರರು ನಾಳೆಯೇ ಬಿಡುತ್ತೇನೆಂದರೆ ಅಡ್ವಾನ್ಸ್ ವಾಪಸ್ ಕೊಡಲು ನಿಮ್ಮ ಖಾತೆಯಲ್ಲಿ ಹಣವಿದೆಯೇ ಎಂದು ಇಂದೇ ನೋಡಿಕೊಳ್ಳಿ. ಇಲ್ಲದಿದ್ದರೆ, ಬರುವ ಬಾಡಿಗೆಯಲ್ಲೇ ತಿಂಗಳಿಗಿಷ್ಟು ಎತ್ತಿಡಲು ಶುರುಮಾಡಿ.