ಬಿತ್ತನೆಯ ಭತ್ತದಲ್ಲಿ ವಿಜ್ಞಾನಪಾಠ

ಶಾಲೆ ತೆರೆಯುವುದೂ ಏಣಿಲಿನ ಬಿತ್ತನೆಯೂ ನಮ್ಮ ಕಾಸರಗೋಡಿನ ಕಡೆ ಜೊತೆಯಾಗಿಯೇ ಬರುತ್ತವೆ. ಹೈಸ್ಕೂಲಿನ ಮಕ್ಕಳು ಹಳೆಯ ಪಾಠಗಳನ್ನು ಬೀಜದ ಭತ್ತದಲ್ಲೇ ಮೆಲುಕು ಹಾಕಲಿ.

ಬರಿನೀರಿನಲ್ಲಿ ಪೂರಾ ಜೊಳ್ಳು ತೇಲುತ್ತದೆ. ಅರೆತುಂಬಿದ ಕಾಳು ಮುಳುಗಿ ನಮ್ಮನ್ನು ಮೋಸಗೊಳಿಸುತ್ತದೆ. 10 ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋ ಉಪ್ಪು ಕರಗಿಸಿರಿ. ಇದು ರಸಾಯನಶಾಸ್ತ್ರದ ದ್ರಾವಣ. ಸಾಂದ್ರತೆ ಏರಿದ ನೀರಿನಲ್ಲಿ ಅರೆಗಾಳೂ ಮೇಲೆ ಬರುವುದು ಭೌತಶಾಸ್ತ್ರ. ಹೊಸ ಕೋಳಿಮೊಟ್ಟೆ ತೇಲಿದರೆ ಉಪ್ಪು ಸಾಕೆಂದು ತಿಳಿಯಬೇಕು. (ಮೊಟ್ಟೆ ಅಡಿಗೆಮನೆಗೆ ಹಿಂದಿರುಗಲಿ!) ತೇಲಿದ ಕಾಳಿನಲ್ಲಿ ಭ್ರೂಣಕ್ಕೆ ಸಾಕಷ್ಟು ಆಹಾರವಿಲ್ಲ, ಬಿತ್ತಿದರೆ ನೇಜಿ ಬಡಕಲು.

ಮುಳುಗಿದ್ದನ್ನು ತಡಮಾಡದೆ ಎರಡು ಮೂರು ಸಲ ಬರಿನೀರಿನಲ್ಲಿ ತೊಳೆಯಿರಿ. ಅಂಟಿಕೊಂಡ ಉಪ್ಪು ಬೀಜಕ್ಕೆ ನೀರು ಹೀರಗೊಡದೆ ಮೊಳಕೆಯನ್ನೇ ಕೆಡಿಸೀತು. ಅಭಿಸರಣೆಯ ಪಾಠ ಇದೇ. ಉಳಿದ ಉಪ್ಪುನೀರನ್ನು ನೇಜಿಗದ್ದೆಗೆ ಚೆಲ್ಲಬಾರದು.