ಇಬ್ಬರೇ ಹೊರಟಿದ್ದೀರಾ? ಸ್ವಲ್ಪ ಕೇಳಿ

ಮಕ್ಕಳ ಜವಾಬ್ದಾರಿ ಮುಗಿಯಿತು, ಇನ್ನು ನಾವಿಬ್ಬರೇ ಆಗ್ರಾ, ಜೈಪುರ ನೋಡಿಬರೋಣ ಎಂದು ಹೊರಟಿದ್ದೀರಾ? ಟಿಕೆಟ್ ಮಾಡಿಸುವ ಮುನ್ನ ವಾರ ನೋಡಿಕೊಳ್ಳಿ. ಶುಕ್ರವಾರ ತಾಜ್ ಮಹಲ್‌ಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಉಳಿದ ದಿನ ಬೆಳಕು ಹರಿಯುವ ಹೊತ್ತಿಗೇ ಹೋಗಿ, ನೂಕುನುಗ್ಗಲು ಕಡಿಮೆ. ಚೀಲದಲ್ಲಿ ತಿಂಡಿ ಪೊಟ್ಟಣ ಬೇಡ, ಬಾಗಿಲಲ್ಲೇ ತಡೆಯುತ್ತಾರೆ.

ಒಳಗೆ ಹೋದವರು ಫೋಟೊದ ಗಡಿಬಿಡಿಯಲ್ಲಿ ಒಂದನ್ನು ಮರೆಯಬೇಡಿ. ಎಡಬಲ ಅಳೆದು ತೂಗಿ ಕಟ್ಟಿದ ಆ ಕಟ್ಟಡದ ನಟ್ಟನಡುವೆ ಇರುವುದು ಮುಮ್ತಾಜಳ ಸಮಾಧಿ. ಆಮೇಲೆ ಬಂದ ಷಾಜಹಾನನದು ಪಕ್ಕಕ್ಕೆ. ಚಕ್ರವರ್ತಿಯಾದರೂ ಮಡದಿಯ ಮಗ್ಗುಲಲ್ಲಿ ಸರಿದು ಜಾಗ ಮಾಡಿಕೊಂಡಿದ್ದಾನೆ!

ಜೈಪುರದಲ್ಲಿ 1799ರ ಹವಾ ಮಹಲ್ ಪೂರ್ವಕ್ಕೆ ಮುಖ ಮಾಡಿದೆ, ಎಳೆಬಿಸಿಲಲ್ಲೇ ನೋಡಬೇಕು. ಜಂತರ್ ಮಂತರ್‌ಗೆ ಮಾತ್ರ ಮೋಡವಿಲ್ಲದ ದಿನ ಆರಿಸಿಕೊಳ್ಳಿ. ಅಲ್ಲಿನ ಸಾಮ್ರಾಟ್ ಯಂತ್ರವೆಂಬ ದೊಡ್ಡ ನೆರಳುಗಡಿಯಾರದಲ್ಲಿ ನೆರಳಿನ ಅಂಚನ್ನು ಒಂದು ನಿಮಿಷ ದಿಟ್ಟಿಸಿ. ಅದು ಸರಿಯುವುದು ಕಣ್ಣಿಗೇ ಕಾಣುತ್ತದೆ. ಗೈಡ್ ಬೇಕೆಂದರೆ ಹಣ ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ಮಾತು. ಒಬ್ಬರಿಗೆ ಕೋಟೆಯ ತುದಿ ಹತ್ತುವ ಹುಮ್ಮಸ್ಸು, ಇನ್ನೊಬ್ಬರಿಗೆ ಮಂಡಿನೋವು. ಎಳೆದೊಯ್ಯಬೇಡಿ, ಮುನಿಸಿಕೊಂಡೂ ಕೂರಬೇಡಿ. ಒಬ್ಬರು ಹತ್ತಿಬರಲಿ, ಇನ್ನೊಬ್ಬರು ನೆರಳಲ್ಲಿ ಚಹಾ ಕುಡಿಯಲಿ. ಮಧ್ಯಾಹ್ನ ಇಬ್ಬರೂ ಕೋಣೆಗೆ ಮರಳಿ ಮಲಗಿ. ಎರಡು ಅರಮನೆ ತಪ್ಪಿದರೂ ಚಿಂತೆಯಿಲ್ಲ. ಮುಂದಿನ ಪ್ರವಾಸಕ್ಕೂ ಇಬ್ಬರೇ ಹೊರಡುವ ಆಸೆ ಉಳಿದಿರಬೇಕು.