ಕಡಲ ಹಕ್ಕಿಯೂ ಗಾಳಿಯೂ

ಸಂಕ್ರಾಂತಿಯ ಸಮಯದಲ್ಲಿ ನಮ್ಮ ಮುಂಬಯಿಯ ಮಾಳಿಗೆಗಳ ಮೇಲೆ ಗಾಳಿಪಟ ಹಾರಿಸದ ಹುಡುಗರು ವಿರಳ. ನೆಲದ ಬಳಿಯಲ್ಲಿ ಪಟವು ಮುಗ್ಗರಿಸುತ್ತದೆ. ಕಟ್ಟಡಗಳ ನೆತ್ತಿಯನ್ನು ದಾಟಿದೊಡನೆ ದಾರವನ್ನು ಜಗ್ಗತೊಡಗುತ್ತದೆ. ನೆಲವನ್ನು ಉಜ್ಜಿಕೊಂಡು ಹೋಗುವ ಗಾಳಿಯ ವೇಗ ಕಡಿಮೆ, ಮೇಲಿನ ಗಾಳಿಯದು ಹೆಚ್ಚು. ಇನ್ನೊಂದನ್ನೂ ನೀವು ಕಂಡಿರುವಿರಿ. ದಾರ ಕಡಿದ ಪಟವು ತೇಲುತ್ತ ತೇಲುತ್ತ ಕೆಳಗಿಳಿಯುತ್ತದೆ. ಗಾಳಿ ಇದ್ದೂ ಅದು ಬೀಳುವುದೇಕೆ? ದಾರವು ಎಳೆದು ಹಿಡಿದಿದ್ದಾಗ ಗಾಳಿಯು ಪಟದ ಮೇಲೆ ಬೀಸುತ್ತಿತ್ತು. ಈಗ ಪಟವೇ ಗಾಳಿಯೊಡನೆ ಸಾಗುತ್ತಿರುವುದರಿಂದ ಅದರ ಪಾಲಿಗೆ ಗಾಳಿಯೇ ಇಲ್ಲದಂತಾಯಿತು. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಂಡು ನಮ್ಮೊಡನೆ ಬನ್ನಿರಿ.

ನಮ್ಮ ಅರಬ್ಬೀ ಸಮುದ್ರವು ಹಿಂದೂ ಮಹಾಸಾಗರದ ಒಂದು ಭಾಗ. ಆ ಮಹಾಸಾಗರದ ದಕ್ಷಿಣದ ಕಡೆಯಲ್ಲಿ, ಇಲ್ಲಿಂದ ೭,೦೦೦ ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ, ಕ್ರೋಜೆ ಎಂಬ ದ್ವೀಪಗಳಿವೆ. ಅಲ್ಲಿ ವರ್ಷವಿಡೀ ಪಡುವಣ ಗಾಳಿ ಭೋರಿಡುತ್ತದೆ. ಅಲ್ಲಿ ಗೂಡು ಕಟ್ಟುವ ಅಲೆಮಾರಿ ಆಲ್ಬಟ್ರಾಸ್ ಎಂಬ ಹಕ್ಕಿಯ ರೆಕ್ಕೆಗಳನ್ನು ಬಿಚ್ಚಿ ಅಳೆದರೆ ತುದಿಯಿಂದ ತುದಿಗೆ ೩ ಮೀಟರಿಗೂ ಹೆಚ್ಚು. ಹೆಣ್ಣು ಇಡುವುದು ಒಂದೇ ಮೊಟ್ಟೆ. ಕಾವು ಕೂರುವುದು ಸುಮಾರು ಹನ್ನೊಂದು ವಾರ. ಗಂಡು ಹೆಣ್ಣುಗಳಲ್ಲಿ ಒಂದು ಉಪವಾಸವಿದ್ದು ಮೊಟ್ಟೆಯ ಮೇಲೆ ಕುಳಿತಿದ್ದರೆ ಇನ್ನೊಂದು ಆಹಾರಕ್ಕೆಂದು ಕಡಲಿಗೆ ಹೋಗುತ್ತದೆ. ಹೋದದ್ದು ತೀರ ತಡಮಾಡಿದರೆ ಕುಳಿತದ್ದು ಹಸಿವು ತಾಳಲಾರದೆ ಮೊಟ್ಟೆಯನ್ನು ಬಿಟ್ಟು ಏಳಬೇಕಾಗುತ್ತದೆ.

ಅದು ಹೋಗುವ ದೂರವಾದರೂ ಎಷ್ಟು? ಫ್ರೆಂಚ್ ವಿಜ್ಞಾನಿಗಳು ಈ ಹಕ್ಕಿಗಳ ಬೆನ್ನಿಗೆ ಚಿಕ್ಕ ಯಂತ್ರಗಳನ್ನು ಅಂಟಿಸಿ, ಉಪಗ್ರಹದ ಮೂಲಕ ಅವುಗಳ ದಾರಿಯನ್ನು ಗುರುತಿಸಿ ೧೯೯೦ರಲ್ಲಿ ಪ್ರಕಟಿಸಿದರು. ಕಾವಿನ ಕಾಲದ ಒಂದೊಂದು ಪ್ರಯಾಣವೂ ೩,೬೦೦ ರಿಂದ ೧೫,೦೦೦ ಕಿಲೋಮೀಟರು! ದಿನವೊಂದಕ್ಕೆ ೯೦೦ ಕಿಲೋಮೀಟರಿನವರೆಗೆ ಹಾರಿದ್ದೂ ಉಂಟು. ಇಷ್ಟು ದೂರವನ್ನು ರೆಕ್ಕೆ ಬಡಿದೇ ಕ್ರಮಿಸಬೇಕಾಗಿದ್ದರೆ ತಿಂದುದೆಲ್ಲ ದಾರಿಯಲ್ಲೇ ಕರಗಿಹೋಗುತ್ತಿತ್ತು. ಆದರೆ ಇದು ರೆಕ್ಕೆಯನ್ನು ಬಡಿಯುವುದೇ ಅಪರೂಪ. ರೆಕ್ಕೆಯನ್ನು ಚಾಚಿ ಹಿಡಿಯಲು ಭುಜದಲ್ಲಿ ಅಗುಳಿಯಂತಹ ಒಂದು ಏರ್ಪಾಡೇ ಇದೆ.

ಹಾಗಾದರೆ ಗಾಳಿಯೇ ಅದನ್ನು ಹೊತ್ತೊಯ್ಯುತ್ತದೆಯೆ? ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ತರಗತಿಯಲ್ಲಿ ಹಾಗೆಯೇ ಹೇಳಿಯೂ ಇದ್ದೆವು. ಅದು ತಪ್ಪು. ದಾರ ಕಡಿದ ಪಟವನ್ನು ನೆನೆಯಿರಿ. ಹಕ್ಕಿಗೆ ದಾರವೆಲ್ಲಿದೆ? ಎಲ್ಲೆಡೆಯೂ ಒಂದೇ ವೇಗದಿಂದ ಸಮತಲವಾಗಿ ಬೀಸುವ ಗಾಳಿಯಲ್ಲಿ ರೆಕ್ಕೆ ಬಡಿಯದ ಹಕ್ಕಿ ಇಳಿಯಲೇಬೇಕೆಂದು ಇಂಗ್ಲೆಂಡಿನ ರೇಲೀ ಪ್ರಭುಗಳು ೧೮೮೩ರಲ್ಲಿಯೇ ತೋರಿಸಿದರು. ಗಾಳಿಯ ವೇಗದಲ್ಲಿ ವ್ಯತ್ಯಾಸವಿದ್ದರೆ ಮಾತ್ರ ಬೇರೆ ಮಾತು. ಕಡಲಿನ ಮೇಲೆ ಆ ವ್ಯತ್ಯಾಸವಿದೆ: ಅಲೆಗಳಿಗೆ ತಾಗಿದ ಗಾಳಿ ನಿಧಾನ, ಹತ್ತು ಹದಿನೈದು ಮೀಟರು ಮೇಲಿನದು ವೇಗ.

ಹಕ್ಕಿಯು ನೀರಿನ ಮಟ್ಟದಿಂದ ಗಾಳಿಗೆ ಎದುರಾಗಿ ಮೇಲಕ್ಕೇರುತ್ತದೆ. ಏರುವಾಗ ವೇಗ ಕುಂದಬೇಕಷ್ಟೆ. ಆದರೆ ಏರಿದಂತೆಲ್ಲ ಎದುರುಗಾಳಿ ಬಲವಾಗುವುದರಿಂದ ರೆಕ್ಕೆಯ ಮೇಲೆ ಹರಿಯುವ ಗಾಳಿ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಮೇಲೆ ತಿರುಗಿ ಗಾಳಿಗೆ ಬೆನ್ನು ಕೊಟ್ಟು ಕೆಳಗೆ ಧುಮುಕುತ್ತದೆ. ಚಲಿಸುತ್ತಿರುವ ಲೋಕಲ್ ಗಾಡಿಯಿಂದ ಇಳಿದವನು (ನೀವು ಎಂದಿಗೂ ಇಳಿಯಕೂಡದು) ಗಾಡಿಯ ವೇಗವನ್ನು ಮೈಯಲ್ಲಿ ಹೊತ್ತುಕೊಂಡೇ ಇಳಿಯುವುದರಿಂದ ನಾಲ್ಕು ಹೆಜ್ಜೆ ಓಡಬೇಕಾಗುತ್ತದೆ. ಹಾಗೆಯೇ ಮೇಲಿನ ಗಾಳಿಯ ವೇಗವನ್ನು ಹೊತ್ತ ಹಕ್ಕಿಯು ಕೆಳಗಿನ ನಿಧಾನಗಾಳಿಗೆ ಬಂದಾಗ ಅದನ್ನು ಸೀಳಿಕೊಂಡು ಧಾವಿಸುತ್ತದೆ. ಆ ವೇಗದಿಂದಲೇ ಮತ್ತೆ ತಿರುಗಿ ಏರುತ್ತದೆ. ಏರುವಾಗಲೂ ಲಾಭ, ಇಳಿಯುವಾಗಲೂ ಲಾಭ! ಹೀಗೆ ಹಾರುವ ಹಕ್ಕಿಯ ಎದೆಬಡಿತವನ್ನು ಅಳೆದು ನೋಡಿದಾಗ, ಗಾಳಿಯು ಹಿಂದಿನಿಂದ ಅಥವಾ ಪಕ್ಕದಿಂದ ಬೀಸುತ್ತಿದ್ದಾಗ ಅದು ಗೂಡಿನಲ್ಲಿ ವಿಶ್ರಮಿಸುವಾಗಿನ ಬಡಿತಕ್ಕೆ ಸಮೀಪವಾಗಿತ್ತು.

ಈ ಹಕ್ಕಿಯ ಮುಖ್ಯ ಆಹಾರ, ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿ. ವಿಶಾಲವಾದ ಕಡಲಿನಲ್ಲಿ ಅದನ್ನು ಕಣ್ಣಿನಿಂದಷ್ಟೇ ಹುಡುಕಿದರೆ ಸಾಲದು. ಇಲ್ಲಿಯೂ ಗಾಳಿಯೇ ನೆರವು. ವಾಸನೆಯು ಗಾಳಿ ಬೀಸಿದತ್ತ ನೀಳವಾಗಿ ಹರಡುತ್ತದೆ. ಗಾಳಿಗೆ ಅಡ್ಡಲಾಗಿ ಹಾರುವ ಹಕ್ಕಿ ಇಂತಹ ಹಲವು ಎಳೆಗಳನ್ನು ಕತ್ತರಿಸುತ್ತ ಹೋಗುತ್ತದೆ. ಒಂದು ಎಳೆ ಮೂಗಿಗೆ ತಗುಲಿದರೆ ಎದುರುಗಾಳಿಯಲ್ಲಿ ಅತ್ತಿತ್ತ ಹೊರಳುತ್ತ ಅದರ ಬುಡವನ್ನು ಅರಸುತ್ತದೆ. ಅಡ್ಡಗಾಳಿಯ ಹಾರಾಟವೇ ದೇಹಕ್ಕೆ ಸುಲಭವಾದದ್ದೂ ಆಗಿರುವುದನ್ನು ಗಮನಿಸಿರಿ.

ಗಾಳಿ ನಿಂತ ದಿನ ಈ ಮಹಾಹಕ್ಕಿಯು ನೀರಿನ ಮೇಲೆ ಬಾತಿನಂತೆ ಕುಳಿತಿರುತ್ತದೆ. ನೀರಿನಿಂದ ಮೇಲೇಳುವುದೇ ಅದಕ್ಕೆ ಎಲ್ಲಕ್ಕಿಂತ ಹೆಚ್ಚಿನ ಶ್ರಮ. ೨೦೧೨ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹಿಂದಿನ ದಶಕಗಳಲ್ಲಿ ಕ್ರೋಜೆಯ ಸುತ್ತಣ ಪಡುವಣ ಗಾಳಿ ಬಲವಾಗಿ, ದಕ್ಷಿಣ ಧ್ರುವದ ಕಡೆಗೆ ಸರಿದಿತ್ತು. ಹಕ್ಕಿಗಳು ಬೇಗ ಮರಳತೊಡಗಿದ್ದವು, ಮರಿಗಳು ಹೆಚ್ಚಾಗಿ ಉಳಿಯತೊಡಗಿದ್ದವು, ದೊಡ್ಡ ಹಕ್ಕಿಗಳ ತೂಕ ೧ ಕಿಲೋಗ್ರಾಮಿಗಿಂತ ಅಧಿಕವಾಗಿ ಹೆಚ್ಚಿತ್ತು. ಗಾಳಿಯು ಇನ್ನೂ ದಕ್ಷಿಣಕ್ಕೆ ಸರಿದು ಗೂಡುಗಳಿಂದ ದೂರವಾದರೆ ಈ ಲಾಭವು ನಿಲ್ಲದೆಂದು ಆ ವಿಜ್ಞಾನಿಗಳೇ ಎಚ್ಚರಿಸಿದ್ದಾರೆ.